ಆಕಾಶದಲ್ಲಿ ಘಟ್ಟದ ಮೇಲಿನವರು, ಕೆಳಗಿನವರು

ಆ ವರ್ಷ ಅಜ್ಜನ ತಿಥಿ ಪುನರ್ವಸು ಮಳೆಯಲ್ಲಿ ಬಂದಿತ್ತೋ, ಪುಷ್ಯ ಮಳೆ ಹಿಡಿದಾಗಿತ್ತೋ, ಈಗ ಕೇಳಿದರೆ ಮನೆಯಲ್ಲಿ ಒಬ್ಬೊಬ್ಬರು ಒಂದೊಂದು ಹೇಳುತ್ತಾರೆ. ಇಸವಿ 2000ದ ಆಚೆಯೋ ಈಚೆಯೋ ಇರಬೇಕು. ನಾನು ಇಂಗ್ಲೆಂಡಿನಿಂದ ರಜೆಗೆ ಬಂದಿದ್ದೆ. ತೀರ್ಥಹಳ್ಳಿ ಕಡೆಯ ಆ ಅಜ್ಜನ ಮನೆಯ ಅಂಗಳದಲ್ಲಿ ಆಗಲೇ ಕೆಲವು ದಿನಗಳಿಂದ ನೀರು ಬಿಟ್ಟರೆ ಬೇರೇನೂ ಕಾಣುತ್ತಿರಲಿಲ್ಲ. ಜಗಲಿಯ ಮುಂದೆ ಎರಚಲಿಗೆ ಕಟ್ಟಿದ ಸೋಗೆಯ ತಟ್ಟಿ ಕೂಡ ನೆನೆದು ಕಪ್ಪಾಗಿ, ಗಾಳಿ ಬಂದಾಗ ಬಡಿಯುವ ಶಕ್ತಿಯೂ ಇಲ್ಲದೆ ಜೋತುಬಿದ್ದಿತ್ತು.

ತಿಥಿಯ ಊಟ ಮುಗಿಯುವಾಗ ಮೂರು ಗಂಟೆ ದಾಟಿತ್ತು. ವಡೆ, ಸುಕ್ಕಿನುಂಡೆ, ಪಾಯಸ ಎಲ್ಲ ಆಗಿ, ಹೊರಡುವವರು ಚೀಲ ಕಟ್ಟುತ್ತಿದ್ದಾಗ ಡೇರಿಗೆ ಹೋಗಿದ್ದ ಆಳು ಸುದ್ದಿ ತಂದ: ಆಗುಂಬೆ ಘಾಟಿಯಲ್ಲಿ ಮರ ಬಿದ್ದಿದೆ, ಧರೆಯೂ ಜರಿದಿದೆ, ಗಾಡಿ ಬಿಡುತ್ತಿಲ್ಲ. ಅಲ್ಲಿಗೆ ಕುಂದಾಪುರದ ಭಾವ, ಅಕ್ಕ, ಅವರ ಮಗಳು ಪುಟ್ಟಿ, ಅವರನ್ನು ಕರೆತಂದಿದ್ದ ಬಾಡಿಗೆ ಕಾರಿನ ಡ್ರೈವರು, ನಾಲ್ಕೂ ಜನ ನಿಂತರು. ಹಳ್ಳದ ಸಂಕದ ಮೇಲೆ ನೀರು ಹರಿಯುತ್ತಿದ್ದದ್ದರಿಂದ ಪುರೋಹಿತ ಭಟ್ಟರೂ ನಿಂತರು. ಪಕ್ಕದ ಮನೆಯ ಮೇಷ್ಟ್ರಿಗೆ ಹೋಗಲು ಯಾವ ಅಡ್ಡಿಯೂ ಇರಲಿಲ್ಲ, ಆದರೂ ಅವರು ಹೋಗಲಿಲ್ಲ. ಅವರು ಹೈಸ್ಕೂಲಿನಲ್ಲಿ ವಿಜ್ಞಾನ ಹೇಳಿ ನಿವೃತ್ತರಾದವರು. ಜನ ಸೇರಿದ ಕಡೆಯಿಂದ ಅವರನ್ನು ಎಬ್ಬಿಸುವುದು ಕಷ್ಟ.

ಅಡಿಕೆಯ ರೇಟು ಮಾತಾಡಿ ಮುಗಿಯಿತು. ಕೊಳೆರೋಗಕ್ಕೆ ಔಷಧಿ ಹೊಡೆದದ್ದು, ಹೊಡೆಯದೆ ಬಿಟ್ಟದ್ದು, ಅದೂ ಮುಗಿಯಿತು. ಕರೆಂಟು ಹಿಂದಿನ ದಿನವೇ ಹೋಗಿತ್ತು. ದೊಡ್ಡಮಾವ ಕರ್ತೃ. ಅವರಿಗೆ ಆವತ್ತು ಎಲೆಯಡಿಕೆ ಇಲ್ಲ, ರಾತ್ರಿ ಊಟವೂ ಇಲ್ಲ. ಹಾಗಾಗಿ ಅವರು ಕಾರಣ ಹುಡುಕಿ ಹುಡುಕಿ ರೇಗುತ್ತಿದ್ದರು. ಅವರ ಮಗ, ಬೆಂಗಳೂರಲ್ಲಿ ಎಂಜಿನಿಯರಿಂಗ್ ಓದುತ್ತಿದ್ದ ಮಾಣಿ, ನನ್ನ ಪೆಟ್ಟಿಗೆಯಲ್ಲಿ ಏನೋ ಇದೆ ಎಂದು ಮೊದಲೇ ಮೂಸಿ ನೋಡಿದ್ದವನು, "ಆ ಡಬ್ಬಿ ತೆಗೀರಿ ಮಾರಾಯ್ರೆ, ಇನ್ನೇನು ಮಾಡೋದು" ಅಂದ.

ಅದೊಂದು ಬಿಸ್ಕತ್ತಿನ ಡಬ್ಬಿ. ಒಳಗೆ ಹತ್ತಿಯಲ್ಲಿ ಸುತ್ತಿದ, ಕಿರುಬೆರಳಿನಿಂದ ಹೆಬ್ಬೆರಳಿನವರೆಗಿನ ಗಾತ್ರದ ಲೋಹದ ಆಕಾಶನೌಕೆಗಳು. ಒಂದೊಂದಕ್ಕೂ ಒಂದು ಕಾಲು, ಕಾಲ ಕೆಳಗೆ ಆರು ಮೂಲೆಯ ಪೀಠ. ಬಣ್ಣ ಹಚ್ಚಿದ್ದು ನಾನೇ, ಇಪ್ಸ್‌ವಿಚ್ಚಿನ ಬಾಡಿಗೆ ಕೋಣೆಯಲ್ಲಿ, ಅಲ್ಲಿನ ಚಳಿಗಾಲದ ನಾಲ್ಕು ಗಂಟೆಯ ಕತ್ತಲೆಯಲ್ಲಿ ಮಾಡಲು ಬೇರೆ ಕೆಲಸವಿಲ್ಲದೆ. ಅಲ್ಲೊಂದು ಚರ್ಚಿನ ಹಾಲ್‌ನಲ್ಲಿ ವಾರಕ್ಕೊಮ್ಮೆ ಸೇರುವ ಗುಂಪಿತ್ತು. ಪೋಸ್ಟಾಫೀಸಿನವರು, ಬಸ್ಸಿನವರು, ಮೊಮ್ಮಕ್ಕಳಿದ್ದವರು, ಎಲ್ಲ ಸೇರಿ ಮೇಜಿನ ಮೇಲೆ ಗೊಂಬೆ ಸೈನ್ಯ ಹೂಡಿ ಯುದ್ಧ ಆಡುತ್ತಿದ್ದರು. ಆ ದೇಶದಲ್ಲಿ ಅದಕ್ಕೆ ಯಾರೂ ನಗುವುದಿಲ್ಲ. ಕಾಲಯಂತ್ರದ ಕಥೆ ಬರೆದ ಎಚ್. ಜಿ. ವೆಲ್ಸ್ 1913ರಲ್ಲೇ ಗೊಂಬೆ ಸಿಪಾಯಿಗಳ ಯುದ್ಧಕ್ಕೆ ನಿಯಮ ಕಟ್ಟಿ ಪುಸ್ತಕ ಮಾಡಿದ್ದ. ನಮ್ಮ ಗುಂಪಿನವರು ಆಕಾಶನೌಕೆಗೆ ಬಳಸುತ್ತಿದ್ದದ್ದು 'ಫುಲ್ ಥ್ರಸ್ಟ್' ಎಂಬ ತೆಳ್ಳನೆಯ ಪುಸ್ತಕ. ಬರೆದವನು ಜಾನ್ ಟಫ್ಲಿ. ಅವನ ಗ್ರೌಂಡ್ ಝೀರೋ ಗೇಮ್ಸ್ ಅದೇ ಸಫೊಕ್ ಸೀಮೆಯದು, ಇಪ್ಸ್‌ವಿಚ್ಚಿಗೆ ತೀರಾ ದೂರವೂ ಅಲ್ಲ. 1992ರ ಎರಡನೇ ಆವೃತ್ತಿ ನನ್ನ ಹತ್ತಿರ ಇತ್ತು, 1998ರ 'ಫ್ಲೀಟ್ ಬುಕ್' ಕೂಡ. ಈಗ ಅವೆಲ್ಲ ಕಂಪ್ಯೂಟರಿನಲ್ಲಿ ಪುಕ್ಕಟೆ ಸಿಗುತ್ತವಂತೆ. ನಾನು ಆಗ ದುಡ್ಡು ಕೊಟ್ಟೆ.

"ಇದೆಂಥದಾ, ಗಾಳದ ಮುಳ್ಳಾ?" ಅಂದರು ಅಜ್ಜಿ, ಹೊಸಿಲ ಹತ್ತಿರ ಹಲಸಿನ ಬೀಜದ ಸಿಪ್ಪೆ ತೆಗೆಯುತ್ತ. ವಿಷಯ ತಿಳಿದ ಮೇಲೆ, "ಇಷ್ಟು ದೊಡ್ಡವನಾಗಿ ಇದನ್ನ ಆಡ್ತೀಯಾ?" ಎಂದು ನನ್ನನ್ನು ಕೇಳಿದವರು ಆಮೇಲೆ ತಾವೇ, "ನಿಮ್ಮ ಅಜ್ಜನೂ ಕಡೆಯವರೆಗೆ ಚೌಕಾಬಾರ ಬಿಡಲಿಲ್ಲ ಬಿಡು" ಅಂದರು. ಅಜ್ಜ ಒಬ್ಬರೇ ಯಾಕೆ, ಮೈಸೂರಿನ ಮುಮ್ಮಡಿ ಕೃಷ್ಣರಾಜ ಒಡೆಯರಿಗೂ ಮಣೆಯಾಟದ ಹುಚ್ಚೇ. ಹೊಸ ಹೊಸ ಆಟಗಳನ್ನು ತಾವೇ ಕಟ್ಟುತ್ತಿದ್ದರು, 'ಶ್ರೀತತ್ತ್ವನಿಧಿ'ಯಲ್ಲಿ ಒಂದು ನಿಧಿಯನ್ನೇ ಆಟಗಳಿಗೆ ಮೀಸಲಿಟ್ಟರು. ಇದನ್ನು ನಾನು ಹೇಳುತ್ತಿದ್ದಂತೆ ದೊಡ್ಡಮಾವ ತಡೆದರು. "ಅದೆಲ್ಲ ಇರ್ಲಿ. ತಿಥಿ ದಿನ ದಾಳ ಉರುಳಿಸಬಹುದಾ ಭಟ್ರೇ?"

ಭಟ್ಟರು ಕಣ್ಣು ಮುಚ್ಚಿ, ಹೊಟ್ಟೆಯ ಮೇಲೆ ಕೈಯಾಡಿಸಿಕೊಂಡು ಯೋಚಿಸಿದರು. ಆ ಹೊತ್ತಿಗೆ ಅವರ ಕಣ್ಣು ಡಬ್ಬಿಯ ಮೇಲೆ ಒಮ್ಮೆ ಹೋಗಿ ಬಂದದ್ದನ್ನು ನಾನು ನೋಡಿದ್ದೆ. "ಪಣ ಇಟ್ರೆ ದ್ಯೂತ. ಇಡದಿದ್ರೆ ಕಾಲಕ್ಷೇಪ" ಅಂದರು.

ಮೊದಲು ಹಾಸಿದ್ದು ಒಳಜಗಲಿಯಲ್ಲಿ. ಕರಿಯ ಕಂಬಳಿ ಎರಡು, ಉದ್ದಕ್ಕೆ ಸೇರಿಸಿ. ಆಕಾಶಕ್ಕೆ ಅದಕ್ಕಿಂತ ಒಳ್ಳೆಯ ಬಟ್ಟೆ ನಾನು ಇವತ್ತಿನವರೆಗೂ ನೋಡಿಲ್ಲ. ನಡುನಡುವೆ ಬಿಳಿ ಎಳೆ ಸೇರಿಕೊಂಡು ಅಲ್ಲಲ್ಲಿ ಚುಕ್ಕಿ. ಒದ್ದೆ ಉಣ್ಣೆಯ ವಾಸನೆ ಮಾತ್ರ ಮನೆ ತುಂಬ. ಗ್ರಹಗಳೆಂದು ಎರಡು ಸುಲಿದ ತೆಂಗಿನಕಾಯಿ, ನಡುವೆ ಉಲ್ಕೆಗಳೆಂದು ಗೋಟಡಿಕೆ. ಅಳೆಯಲು ಚಿಕ್ಕತ್ತೆಯ ಹೊಲಿಗೆ ಮಿಷನ್ನಿನ ಇಂಚುಪಟ್ಟಿ. ಜನ ಎಣಿಸಿದರೆ ಏಳು. ಈ ಆಟಕ್ಕೆ ಎರಡು ಪಕ್ಷ ಸಮ ಇರಬೇಕು. ಎಂಟನೆಯವರು ಯಾರು ಎಂದು ಹುಡುಕುವಾಗ ಎಲ್ಲರ ಕಣ್ಣು ಹೊರಜಗಲಿಯ ಕಡೆ ಹೋಯಿತು. ಅಲ್ಲಿ ಡ್ರೈವರು ಕಂಬಕ್ಕೆ ಒರಗಿ, ಹಳೆಯ ಪೇಪರನ್ನು ಮತ್ತೆ ಮತ್ತೆ ಓದುತ್ತಿದ್ದ. ಅವನ ಊಟವೂ ಅಲ್ಲೇ ಆಗಿತ್ತು. ಒಂದು ಗಳಿಗೆ ಯಾರೂ ಏನೂ ಹೇಳಲಿಲ್ಲ. ದೊಡ್ಡಮಾವ ಎದ್ದು ಕಂಬಳಿಯ ಒಂದು ತುದಿ ಹಿಡಿದು, "ಇಲ್ಲಿ ಬೆಳಕು ಸಾಲದು, ಹೊರಗೇ ಹಾಸುವ" ಅಂದರು. ಹೊರಗೆ ಎರಚಲು ಹೊಡೆಯುತ್ತಿತ್ತು, ಬೆಳಕೂ ಒಳಗಿನಷ್ಟೇ. ಯಾರೂ ಎದುರಾಡದೆ ತೆಂಗಿನಕಾಯಿ, ಗೋಟಡಿಕೆ ಎತ್ತಿಕೊಂಡು ಹೊರಗೆ ಹೋದೆವು. ಅಜ್ಜಿಯೂ ಬೀಜದ ಬುಟ್ಟಿ ಹಿಡಿದು ಹಿಂದೆ ಬಂದರು.

ಪಕ್ಷ ಕಟ್ಟಲು ಹೊತ್ತು ಬೇಕಾಗಲಿಲ್ಲ. ನಮ್ಮ ಕಡೆ ಸಂಬಂಧಗಳೆಲ್ಲ ಆಗುಂಬೆಯ ಆಚೆ ಈಚೆ. ಘಟ್ಟದ ಮೇಲಿನವರು ಅಂದರೆ ದೊಡ್ಡಮಾವ, ಮೇಷ್ಟ್ರು, ಮಾಣಿ, ಭಟ್ಟರು. ಕೆಳಗಿನವರು ಅಂದರೆ ಕುಂದಾಪುರದ ಭಾವ, ಪುಟ್ಟಿ, ಡ್ರೈವರು. ನಾಲ್ಕನೆಯವರಾಗಿ ಅಕ್ಕ ಬರುತ್ತಾಳೆ ಅಂದುಕೊಂಡಿದ್ದರೆ ಅವಳು ಮಲಗಿಬಿಟ್ಟಿದ್ದಳು. ಚಿಕ್ಕತ್ತೆ, ಅಡಿಗೆಮನೆಯ ಬಾಗಿಲಲ್ಲಿ ನಿಂತು ಇಂಚುಪಟ್ಟಿ ಎಲ್ಲಿ ಹೋಯಿತೆಂದು ಕೇಳಲು ಬಂದವರು, "ನನ್ನ ತವರು ಉಡುಪಿ ಅಲ್ದಾ?" ಅಂದರು. ಈ ಮನೆಗೆ ಬಂದು ಇಪ್ಪತ್ತು ವರ್ಷದ ಮೇಲಾದರೂ ಆ ಮಾತು ಆ ದಿನವೇ ಮೊದಲ ಸಲ ಅಷ್ಟು ಗಟ್ಟಿಯಾಗಿ ಕೇಳಿದ್ದು ಎಂದು ಆಮೇಲೆ ಅಜ್ಜಿ ಹೇಳುತ್ತಿದ್ದರು.

ಹಡಗಿಗೆ ಹೆಸರಿಡುವಾಗ ದೊಡ್ಡಮಾವನ ಸಿಟ್ಟು ಅರ್ಧ ಇಳಿಯಿತು. ಕೆಳದಿ ಅರಸರ ಕಥೆ ಅಂದರೆ ಅವರಿಗೆ ಪ್ರಾಣ. ಔರಂಗಜೇಬನ ಸೈನ್ಯ ಬರುತ್ತದೆಂದು ಗೊತ್ತಿದ್ದೂ ಶಿವಾಜಿಯ ಮಗ ರಾಜಾರಾಮನಿಗೆ ಆಸರೆ ಕೊಟ್ಟ ಚೆನ್ನಮ್ಮಾಜಿಯ ಪ್ರಸಂಗವನ್ನು ತಾಳಮದ್ದಳೆಯ ಧಾಟಿಯಲ್ಲಿ ಒಂದು ಸುತ್ತು ಹೇಳಿಯೇ ಬಿಟ್ಟರು. ಮೇಲಿನವರ ಹಡಗುಗಳು ಬಿದನೂರು, ಇಕ್ಕೇರಿ, ಕವಲೇದುರ್ಗ, ಚೆನ್ನಮ್ಮಾಜಿ. ಭಾವ ಸುಮ್ಮನಿರುತ್ತಾರೆಯೇ? "ಹ್ವಾಯ್, ಪೋರ್ಚುಗೀಸರಿಗೆ ನೀರು ಕುಡಿಸಿದ್ದು ಯಾರು?" ಎಂದು ತಮ್ಮ ಕಡೆಯ ದೊಡ್ಡ ಹಡಗಿಗೆ ಅಬ್ಬಕ್ಕ ಎಂದಿಟ್ಟು, ಅದನ್ನು ಚಿಕ್ಕತ್ತೆಗೆ ಕೊಟ್ಟರು. ತಮಗೆ ಬಾರ್ಕೂರು. ಪುಟ್ಟಿಗೆ ಆರು ಪುಟ್ಟ ಫೈಟರುಗಳ ಒಂದು ಗುಂಪು. ಸರಕಿನ ಹಡಗು ಮೂರಿದ್ದವು, ತೋಪಿಲ್ಲದವು, ನಿಧಾನದವು. ಯಾರಿಗೂ ಬೇಡವಾಗಿ ಅವು ಡ್ರೈವರಿಗೆ ಹೋದವು. ಬಸರೂರಿನಿಂದ ಅಕ್ಕಿ ಹೇರಿಕೊಂಡು ಹೊರಟ ಹಡಗುಗಳು ಎಂದು ನಾನು ಕಥೆ ಕಟ್ಟಿದೆ. ಬಸರೂರು ಒಂದು ಕಾಲಕ್ಕೆ ಅಕ್ಕಿ ಸಾಗಿಸುವ ದೊಡ್ಡ ಬಂದರು, ಅದು ಸುಳ್ಳಲ್ಲ. ಈ ಮೂರು ಹಡಗು ಕಂಬಳಿಯ ಒಂದು ತುದಿಯಿಂದ ಇನ್ನೊಂದು ತುದಿ ಸೇರಬೇಕು. ಮೇಲಿನವರು ತಡೆಯಬೇಕು. ಎರಡು ದಾಟಿದರೆ ಕೆಳಗಿನವರು ಗೆದ್ದ ಹಾಗೆ.

ಹೀಗೊಂದು ಗುರಿ ಇಡದೆ ಇಂಥ ಜನರನ್ನು ಆಡಿಸಬಾರದು. ಬರೀ ಹೊಡೆದಾಟಕ್ಕೆ ಬಿಟ್ಟರೆ ಅದು ಮುಗಿಯುವುದೇ ಇಲ್ಲ. ಮೊದಲು ಹಡಗು ಕಳೆದುಕೊಂಡವರು ಮುಖ ಊದಿಸಿಕೊಂಡು ಕೂರುತ್ತಾರೆ. ಅದಕ್ಕೂ ಒಂದು ಉಪಾಯ ಮಾಡಿದ್ದೆ: ಹಡಗು ಹೋದವರು ತಮ್ಮ ಪಕ್ಷದವರ ಇನ್ನೊಂದು ಹಡಗಿನ ತೋಪು ನೋಡಿಕೊಳ್ಳಬೇಕು.

ನಿಯಮ ಹೇಳುವುದೇ ದೊಡ್ಡ ಕೆಲಸ. ಪುಸ್ತಕದಲ್ಲಿದ್ದದ್ದರಲ್ಲಿ ಮುಕ್ಕಾಲು ಪಾಲು ಬಿಟ್ಟೆ. ಪುಟ್ಟಿಯ ನೋಟ್‌ಬುಕ್ಕಿನ ಹಾಳೆ ಹರಿದು ಹಡಗಿಗೊಂದರಂತೆ ಚೀಟಿ ಮಾಡಿದೆ. ನಾಲ್ಕು ಸಾಲು ಚೌಕ, ಸಾಲಿಗೆ ಐದು. ಏಟು ಬಿದ್ದಷ್ಟು ಚೌಕ ಹೊಡೆದುಹಾಕುವುದು. ಒಂದು ಸಾಲು ಪೂರ್ತಿ ಹೋದಾಗ ಎಂಜಿನ್ನಿಗೆ, ತೋಪಿಗೆ, ಒಂದೊಂದಕ್ಕೂ ದಾಳ ಹಾಕಿ ಯಾವುದು ಕೆಟ್ಟಿತೆಂದು ನೋಡುವುದು. ಮೊದಲ ಸಾಲಿಗೆ 6 ಬಿದ್ದರೆ ಮಾತ್ರ ಕೆಡುತ್ತದೆ, ಎರಡನೆಯದಕ್ಕೆ 5 ಬಿದ್ದರೂ, ಮೂರನೆಯದಕ್ಕೆ 4 ಬಿದ್ದರೂ. ತೋಪು ಎಲ್ಲರಿಗೂ ಒಂದೇ ನಮೂನೆ: 12 ಇಂಚಿನೊಳಗೆ ಎರಡು ದಾಳ, 24ರೊಳಗೆ ಒಂದು. 4, 5 ಬಿದ್ದರೆ ಒಂದು ಏಟು, 6ಕ್ಕೆ ಎರಡು. ಅಷ್ಟೇ. ಯುದ್ಧದ ಹಡಗಿಗೆ ಎಂಜಿನ್ ಬಲ 4, ಸರಕಿನದಕ್ಕೆ 2. ಒಂದು ಬಲಕ್ಕೆ ವೇಗ ಒಂದು ಇಂಚು ಏರಿಸಬಹುದು, ಇಳಿಸಬಹುದು, ಇಲ್ಲವೇ ಮೂತಿಯನ್ನು ಗಡಿಯಾರದ ಒಂದು ಮನೆಯಷ್ಟು ತಿರುಗಿಸಬಹುದು. ತಿರುಗಿಸಲಿಕ್ಕೆ ಮಾತ್ರ ಅರ್ಧ ಬಲಕ್ಕಿಂತ ಹೆಚ್ಚು ಬಳಸುವ ಹಾಗಿಲ್ಲ.

"ಎಂಜಿನ್ ಬಂದ್ ಮಾಡಿದ್ರೆ?" ಎಂದು ಡ್ರೈವರು ಕೇಳಿದ. ಆಟ ಶುರುವಾಗುವ ಮುಂಚೆ ಅವನು ಕೇಳಿದ್ದು ಅದೊಂದೇ ಪ್ರಶ್ನೆ.

"ನಿಲ್ಲೋದಿಲ್ಲ. ಎಷ್ಟು ವೇಗದಲ್ಲಿ ಇತ್ತೋ ಅಷ್ಟರಲ್ಲೇ ಹೋಗ್ತಾ ಇರುತ್ತೆ."

"ಹಂಗಾರೆ ಸರಿ" ಅಂದು ಸುಮ್ಮನಾದ.

ಗಡಿಯಾರದ ಹನ್ನೆರಡು ಮನೆ ಎಂದದ್ದು ಭಟ್ಟರಿಗೆ ಹಿಡಿಸಲಿಲ್ಲ. "ಹನ್ನೆರಡಂತೆ, ಮೂವತ್ತು ಮೂವತ್ತು ಭಾಗೆಯಂತೆ, ಅದು ರಾಶಿ ಅಲ್ದೆ ಇನ್ನೆಂಥದು?" ಎಂದು ಸೀಮೆಸುಣ್ಣ ಕೇಳಿ ಪಡೆದು, ಕಂಬಳಿಯ ಪಕ್ಕದ ಕೆಂಪು ನೆಲದ ಮೇಲೆ ಕುಂಡಲಿ ಬರೆದೇ ಬಿಟ್ಟರು. ನಮ್ಮ ಕಡೆಯ ಕುಂಡಲಿಯಲ್ಲಿ ರಾಶಿಗಳು ಬಲಸುತ್ತು. ಬಲಕ್ಕೆ ತಿರುಗಿದರೆ ಮೇಷದಿಂದ ವೃಷಭ, ಎಡಕ್ಕೆ ತಿರುಗಿದರೆ ಮೀನ. ಆ ಹೊತ್ತಿನಿಂದ ಮೇಲಿನವರ ಪಕ್ಷದಲ್ಲಿ "ಎಡ 2" ಎಂದು ಬರೆದವರೇ ಇಲ್ಲ. ಮಾಣಿ ಕೂಡ ತಡವರಿಸುತ್ತ "ತುಲಾದಿಂದ ಕನ್ಯಾ" ಎಂದು ಬರೆಯತೊಡಗಿದ. ಬೇಕಾದರೆ ನಗಿ. ಆದರೆ ದಿಕ್ಕಿನ ವಿಷಯದಲ್ಲಿ ಆವತ್ತು ಒಂದೂ ತಕರಾರು ಬರಲಿಲ್ಲ. ಇಪ್ಸ್‌ವಿಚ್ಚಿನಲ್ಲಿ ಪ್ರತಿ ವಾರ ಬರುತ್ತಿತ್ತು.

ತಕರಾರು ಬಂದದ್ದು ಮೇಷ್ಟ್ರಿಂದ. ಎಂಜಿನ್ ಆರಿಸಿದರೂ ಹಡಗು ಸಾಗುತ್ತದೆ ಅಂದಾಗ "ಸರಿ, ನ್ಯೂಟನ್" ಎಂದು ತಲೆದೂಗಿದವರು, ಮೂತಿ ತಿರುಗಿಸಿದರೆ ದಾರಿಯೂ ತಿರುಗುತ್ತದೆ ಅಂದಾಗ ಕನ್ನಡಕ ತೆಗೆದರು. "ಅದು ಹೇಗೆ? ಆಸರೆಗೆ ನೀರಿಲ್ಲ, ಗಾಳಿಯಿಲ್ಲ. ಮೂತಿ ತಿರುಗಿಸಿದ್ರೆ ಮೂತಿ ತಿರುಗ್ತದೆ, ಹಡಗು ಹೋಗೋ ಕಡೆಗೇ ಹೋಗ್ತದೆ. ಇದೇನು ಆಕಾಶವೋ ತುಂಗಾ ಹೊಳೆಯೋ?" ಮೇಷ್ಟ್ರು ಹೇಳಿದ್ದು ನೂರಕ್ಕೆ ನೂರು ಸರಿ. ಪುಸ್ತಕ ಬರೆದವನಿಗೂ ಅದು ಗೊತ್ತಿತ್ತು. ಇದನ್ನು ಸಿನಿಮಾ ಚಲನೆ ಎಂದೇ ಕರೆದು, ಮೇಷ್ಟ್ರಂಥವರಿಗಾಗಿ 'ಫ್ಲೀಟ್ ಬುಕ್'ನಲ್ಲಿ ನಿಜವಾದ ಲೆಕ್ಕದ ಚಲನೆಯನ್ನೂ ಕೊಟ್ಟಿದ್ದಾನೆ. ಎಂಟು ಜನರಿಗೆ, ಅದರಲ್ಲೂ ತಿಥಿ ಊಟ ಮಾಡಿದವರಿಗೆ, ಅದನ್ನು ಹೇಳಿಕೊಡುವ ಧೈರ್ಯ ನನಗಿರಲಿಲ್ಲ. "ಇದು ಸಿನಿಮಾದ ಆಕಾಶ ಮೇಷ್ಟ್ರೇ" ಅಂದೆ. "ಹಾಗೆ ಮೊದಲೇ ಹೇಳಬೇಕು" ಅಂದು ಕನ್ನಡಕ ಹಾಕಿಕೊಂಡರು.

ಈ ಆಟದಲ್ಲಿ ನನಗೆ ಎಲ್ಲಕ್ಕಿಂತ ಇಷ್ಟವಾದ ಸಂಗತಿ ಒಂದಿದೆ. ಚದುರಂಗದಲ್ಲಿ, ಪಗಡೆಯಲ್ಲಿ ಒಬ್ಬರಾದ ಮೇಲೆ ಒಬ್ಬರು. ಎಂಟು ಜನ ಕೂತರೆ ಏಳು ಜನ ಆಕಳಿಸಬೇಕು. ಇಲ್ಲಿ ಹಾಗಿಲ್ಲ. ಪ್ರತಿ ಸುತ್ತಿಗೂ ಎಲ್ಲರೂ ಒಟ್ಟಿಗೆ, ಗುಟ್ಟಾಗಿ ತಮ್ಮ ಹಡಗಿನ ಮುಂದಿನ ನಡೆ ಬರೆಯುತ್ತಾರೆ. ಆಮೇಲೆ ಎಲ್ಲ ಚೀಟಿ ಒಟ್ಟಿಗೆ ತೆರೆದು ಎಲ್ಲ ಹಡಗನ್ನೂ ಒಟ್ಟಿಗೆ ಸರಿಸುವುದು. ಬರೆದದ್ದು ಬರೆದ ಹಾಗೆ, ತಿದ್ದುವಂತಿಲ್ಲ. ಗಟ್ಟಿಯಾಗಿ ಮಾತಾಡುವವರಿಗೂ ಮಾತೇ ಆಡದವರಿಗೂ ಒಂದೇ ಪೆನ್ಸಿಲು, ಒಂದೇ ಹೊತ್ತು. ಆ ಹೊತ್ತನ್ನು ಅಳೆಯಲು ಗಡಿಯಾರ ಇಡಲಿಲ್ಲ. ಮೇಷ್ಟ್ರು ಒಂದು ಕವಳ ಕಟ್ಟಿ ಬಾಯಿಗೆ ಹಾಕುವಷ್ಟು ಹೊತ್ತು ಎಂದು ಗೊತ್ತು ಮಾಡಿದೆವು. ಎಲೆ ಒರೆಸಿ, ತೊಟ್ಟು ಮುರಿದು, ನಾರು ತೆಗೆದು, ಸುಣ್ಣ ಸವರಿ, ಅಡಿಕೆ ಇಟ್ಟು ಮಡಿಸುವುದು. ಅವರಿಗೆ ಕಷ್ಟ ಬಂದಾಗ ಮಾತ್ರ ಎಲೆಯ ನಾರು ಬಹಳ ಹೊತ್ತು ಹಿಡಿಯುತ್ತಿತ್ತು. ಅದನ್ನು ಭಾವ ಪತ್ತೆ ಹಚ್ಚಿದರು.

ಬರೆಯುವಾಗ ಮಾತಿಲ್ಲ ಎಂಬ ನಿಯಮ ದೊಡ್ಡಮಾವನಿಗೆ ತಾಗಲೇ ಇಲ್ಲ. "ಮಾಣಿ, ನೀನು ಆ ಕಾಯಿ ಪಕ್ಕದಿಂದ ಬಾ! ಮೇಷ್ಟ್ರೇ, ನೀವು ಅಡ್ಡ ನಿಲ್ಲಿ! ನಾನು ನುಗ್ಗಿಬಿಡ್ತೇನೆ!" ಎಂದು ರಣಭೂಮಿಯ ಭೀಷ್ಮನಂತೆ ಕೂಗುತ್ತಿದ್ದರು. ನಾನು ತಡೆಯಲಿಲ್ಲ. ಎದುರಿಗೆ ಬ್ಯಾಂಕಿನ ಕೌಂಟರಿನಲ್ಲಿ ಕೂತು ಕೂತು ಪಳಗಿದ ಭಾವ ತಲೆಯೆತ್ತದೆ ಅದೆಲ್ಲವನ್ನೂ ಕೇಳಿಸಿಕೊಂಡು ತಮ್ಮ ಚೀಟಿ ಬರೆಯುತ್ತಿದ್ದರು. ಕೆಳಗಿನವರ ಪಕ್ಷಕ್ಕೆ ಅಷ್ಟು ಅನುಕೂಲ ಇರಲಿ ಎಂದುಕೊಂಡೆ.

ಮೊದಲ ಸುತ್ತು. ಎಲ್ಲರೂ ವೇಗ ಏರಿಸಿದರು. ದೊಡ್ಡಮಾವನ ಬಿದನೂರು 6 ಇಂಚಿನಲ್ಲಿದ್ದದ್ದು 10ಕ್ಕೆ ಏರಿ ಮುನ್ನುಗ್ಗಿತು. ಡ್ರೈವರೊಬ್ಬನೇ ಇಳಿಸಿದ. ಎರಡನೇ ಸುತ್ತಿನಲ್ಲೂ ಇಳಿಸಿದ. ಮಾಣಿ ನಕ್ಕ. "ಅಕ್ಕಿ ಇಲ್ಲೇ ಮಾರ್ತೀರಾ?" ಡ್ರೈವರು ತಲೆ ಕೆರೆದುಕೊಂಡು, "ಘಾಟಿಯಲ್ಲಿ ಹದಿನಾಲ್ಕು ತಿರುವು ಉಂಟು ಸಾರ್. ಎದುರಿಂದ ಬಸ್ಸು ಬಿದ್ದುಕೊಂಡು ಬರುವಾಗ ನಾವು ತಿರುವಿಗಿಂತ ಮೊದಲೇ ನಿಲ್ಲಿಸಬೇಕು. ಅವರು ಹೋದ ಮೇಲೆ ರಸ್ತೆ ನಮ್ಮದೇ" ಅಂದ.

ಬಸ್ಸು ಹೋದದ್ದು ನಾಲ್ಕನೇ ಸುತ್ತಿನಲ್ಲಿ. 10, 14, 18, ಆಮೇಲೆ 22. ದೊಡ್ಡಮಾವ ತಿರುಗಿಸಲು ಬಲವನ್ನೇ ಉಳಿಸದೆ ಪೂರ್ತಿ ವೇಗಕ್ಕೆ ಸುರಿದಿದ್ದರು. ಸರಕಿನ ಹಡಗುಗಳು ಇರುತ್ತವೆಂದು ಅವರು ಎಣಿಸಿದ ಜಾಗದಲ್ಲಿ ಒಂದು ಗೋಟಡಿಕೆಯೂ ಇರಲಿಲ್ಲ. ಬಿದನೂರು ಖಾಲಿ ಆಕಾಶವನ್ನು ಸೀಳಿಕೊಂಡು ಕಂಬಳಿಯ ಅಂಚು ದಾಟಿ ಕೆಂಪು ನೆಲಕ್ಕೆ ಬಂತು. ಮುಂದಿನ ಸುತ್ತಿಗೆ ಬ್ರೇಕು ಹಾಕಿದರೂ 18 ಇಂಚು ಹೋಗಲೇಬೇಕು. ಜಗಲಿಯ ಅಂಚಿಗೆ ಉಳಿದಿದ್ದದ್ದು ಒಂದು ಗೇಣು.

ಪುಸ್ತಕ ತೆರೆದಿದ್ದರೆ ಹೊರಗೆ ಹೋದ ಹಡಗು ಆಟದಿಂದ ಹೊರಗೆ ಎಂದು ಮುಗಿಸಬಹುದಿತ್ತೋ ಏನೋ. ಆದರೆ ದೊಡ್ಡಮಾವ ಕೇಳಿದ ಪ್ರಶ್ನೆಗೆ ಉತ್ತರ ಕೊಡುವುದು ಸುಲಭವಿರಲಿಲ್ಲ: "ಆಕಾಶಕ್ಕೆ ಅಂಚುಂಟಾ ಮೇಷ್ಟ್ರೇ?" ಮೇಷ್ಟ್ರು ಬಾಯಿತುಂಬ ಕವಳ ಇಟ್ಟುಕೊಂಡು ಇಲ್ಲವೆಂದು ತಲೆಯಾಡಿಸಿದರು. ಸರಿ, ಅಂಗಳದ ನೀರಿನಲ್ಲಿ ಒಂದು ಹಿತ್ತಾಳೆ ಚೊಂಬು ಮಗುಚಿ ಹಾಕಿ ಅದರ ಮೇಲೆ ಬಿದನೂರನ್ನು ನಿಲ್ಲಿಸಿದೆವು. ಮಾಡಿನ ನೀರು ನೇರ ಅದರ ತಲೆಯ ಮೇಲೆ. ನಾನು ಹಚ್ಚಿದ ಎನಾಮಲ್ ಬಣ್ಣ ಗಟ್ಟಿಯಿತ್ತು. ಆ ಬೂದು ಬಣ್ಣದ ಮೇಲೆ ನೀರು ಬಿದ್ದು, ಹಿಂಭಾಗದ ಎಂಜಿನ್ನಿನ ಕೆಂಪು ಚುಕ್ಕಿಗಳ ಮೇಲೆ ಹರಿದು, ಪೀಠದ ಆರು ಮೂಲೆಯಿಂದ ಆರು ಧಾರೆಯಾಗಿ ಇಳಿಯುತ್ತಿತ್ತು. ಪುಟ್ಟಿ ಪ್ರತಿ ಸುತ್ತಿಗೂ ಕೊಡೆ ಹಿಡಿದು ಹೋಗಿ ಚೊಂಬು ಸರಿಸಿ ಬರುತ್ತಿದ್ದಳು. ಮೂರೋ ನಾಲ್ಕೋ ಸುತ್ತು ದೊಡ್ಡಮಾವ ಅಂಗಳದಲ್ಲೇ ದೊಡ್ಡ ಬಳಸು ಹೊಡೆದರು. ಆದರೂ ಚೀಟಿ ಬರೆಯುವುದನ್ನು ಬಿಡಲಿಲ್ಲ, ಕೂಗುವುದನ್ನಂತೂ ಬಿಡಲೇ ಇಲ್ಲ.

ಇದರ ನಡುವೆ ಚಿಕ್ಕತ್ತೆ. ಅಬ್ಬಕ್ಕನಿಗೆ ಕ್ಷಿಪಣಿ ಇತ್ತು. ಅದರ ನಿಯಮ ಬೇರೆ. ಎಲ್ಲರೂ ನಡೆ ಬರೆದಾದ ಮೇಲೆ, ಹಡಗು ಸರಿಸುವ ಮುಂಚೆ, ಕ್ಷಿಪಣಿಯ ಬಿಲ್ಲೆಯನ್ನು 24 ಇಂಚಿನೊಳಗೆ ಎಲ್ಲಾದರೂ ಇಡಬೇಕು. ಎಲ್ಲ ಹಡಗು ಸರಿದ ಮೇಲೆ ಬಿಲ್ಲೆಯ 6 ಇಂಚಿನೊಳಗೆ ಶತ್ರು ಸಿಕ್ಕರೆ ಹೊಡೆತ, ಇಲ್ಲದಿದ್ದರೆ ಕ್ಷಿಪಣಿ ದಂಡ. ಅಂದರೆ ಎದುರಿನವರು ಎಲ್ಲಿಗೆ ಬರುತ್ತಾರೆಂದು ಮನಸ್ಸು ಓದಬೇಕು. ಚಿಕ್ಕತ್ತೆ ಕೂತು ಆಡಲೇ ಇಲ್ಲ. ಒಳಗೆ ಎಣ್ಣೆ ಕಾಯುತ್ತಿತ್ತು. ಬರುವುದು, ನಿಂತಲ್ಲೇ ಚೀಟಿ ಬರೆಯುವುದು, ಹೋಗುವುದು. ಹಲಸಿನ ಹಪ್ಪಳದ ಬುಟ್ಟಿ ಒಂದು ಕೈಯಲ್ಲಿ, ಬಿಲ್ಲೆ ಇನ್ನೊಂದು ಕೈಯಲ್ಲಿ. ಒಮ್ಮೆ ಹಪ್ಪಳವನ್ನು ಎಲ್ಲರಿಗೂ ಕೊಟ್ಟು, ಬಿಲ್ಲೆಯನ್ನು ಎರಡು ತೆಂಗಿನಕಾಯಿಯ ನಡುವೆ, ಯಾರೂ ಇಲ್ಲದ ಜಾಗದಲ್ಲಿ, ಇಟ್ಟು ಒಳಗೆ ನಡೆದರು. ಚೀಟಿ ತೆರೆದಾಗ ಮಾಣಿಯ ಚೆನ್ನಮ್ಮಾಜಿ ನೆಟ್ಟಗೆ ಅಲ್ಲಿಗೇ ಬಂದು ನಿಂತಿತು.

ಎಷ್ಟು ಕ್ಷಿಪಣಿ ತಾಗುತ್ತವೆಂದು ದಾಳ ಹಾಕಬೇಕು. ಪುಟ್ಟಿ ಹಾಕಿದಳು: 5. ಅದರಲ್ಲಿ ಎರಡನ್ನು ಮಾಣಿಯ ಕಾವಲು ತೋಪು ಕೆಡವಿತು. ಉಳಿದ ಮೂರಕ್ಕೆ ಬಿದ್ದದ್ದು 6, 5, 4. ಹದಿನೈದು ಏಟು, ಇಪ್ಪತ್ತು ಚೌಕದಲ್ಲಿ ಮೂರು ಸಾಲು ಒಮ್ಮೆಗೇ ಮಾಯ. ಎಂಜಿನ್ ಅರ್ಧ ಕೆಟ್ಟಿತು, ಒಂದು ತೋಪೂ ಉಳಿಯಲಿಲ್ಲ. ಈ ಅಂಕಿ ನನಗೆ ನೆನಪಿರಲು ಕಾರಣ ಭಾವ. ಅವರು ಎರಡೂ ಪಕ್ಷದ ಏಟಿನ ಲೆಕ್ಕವನ್ನು ಜಮಾ ಖರ್ಚು ಎಂದು ಗೆರೆ ಎಳೆದು ಬರೆದಿಟ್ಟಿದ್ದ ಹಾಳೆ ಬಹಳ ಕಾಲ ನನ್ನ ಹತ್ತಿರ ಇತ್ತು.

"ಚಿಕ್ಕಮ್ಮಾ, ನಿಮಗೆ ಹೇಗೆ ಗೊತ್ತಾಯ್ತು?" ಮಾಣಿ ಒಳಗಿನ ಕಡೆಗೆ ಕೂಗಿದ. ಅವನು ಆ ಸುತ್ತಿಗಾಗಿ ಕೋನ ಅಳೆದು, ಇಂಚು ಕೂಡಿ ಕಳೆದು, ಹಾಳೆಯ ಹಿಂದೆ ಮುಂದೆ ಲೆಕ್ಕ ಮಾಡಿದ್ದ.

"ಸಣ್ಣವನಿದ್ದಾಗಿಂದ ನೋಡ್ತಾ ಇದ್ದೇನಲ್ಲ" ಎಂದು ಒಳಗಿನಿಂದ ಉತ್ತರ ಬಂತು. "ತೋಟಕ್ಕೆ ಹೋಗು ಅಂದ್ರೂ ನೀನು ಎರಡು ಮರದ ಸಂದಿನಲ್ಲೇ ನುಗ್ಗೋದು, ದಾರಿಯಲ್ಲಿ ಹೋದವನೇ ಅಲ್ಲ."

ಮುಂದಿನದು ನನಗೆ ಕಲಸುಮೇಲೋಗರ. ಕತ್ತಲಾಯಿತು, ಗ್ಯಾಸ್‌ಲೈಟು ಹಚ್ಚಿದೆವು. ಆರನೇ ಸುತ್ತಿಗೋ ಏಳನೆಯದಕ್ಕೋ ಮಳೆಹುಳುಗಳು ಬಂದು ಕಂಬಳಿಯ ತುಂಬ ಉದುರಿದವು. ಯಾವುದು ಪುಟ್ಟಿಯ ಫೈಟರು, ಯಾವುದು ಹುಳು ಎಂದು ಬಗ್ಗಿ ನೋಡಬೇಕಾಯಿತು. ಅವಳು ತನ್ನ ಆರೂ ಫೈಟರುಗಳಿಗೆ ಮನೆಯ ಆರು ದನಗಳ ಹೆಸರಿಟ್ಟಿದ್ದಳು. ಮೇಷ್ಟ್ರ ಕವಲೇದುರ್ಗದ ಮೇಲೆ ಹೋಗಿ ಎರಡು ಸತ್ತವೆಂದು ತಿಳಿದಾಗ ಗೌರಿ ಸತ್ತಳೋ ಬೆಳ್ಳಿ ಸತ್ತಳೋ ಹೇಳಲೇಬೇಕೆಂದು ಹಟ ಹಿಡಿದಳು. ಭಾವನ ಬಾರ್ಕೂರು ಕವಲೇದುರ್ಗದ ಜೊತೆ ಮೂತಿಗೆ ಮೂತಿ ಕೊಟ್ಟು, ಎರಡೂ ಜರ್ಜರಿತವಾಗಿ ಆಚೆ ಈಚೆ ತೇಲಿಹೋದವು. ಮೇಷ್ಟ್ರು ಒಂದು ಸಾಲು ಚೌಕವನ್ನು ಕಡಿಮೆ ಹೊಡೆದಿದ್ದಾರೆಂದು ಭಾವ, ಭಾವ ಕೂಡಿಸಿದ್ದೇ ತಪ್ಪೆಂದು ಮೇಷ್ಟ್ರು. ಅಜ್ಜಿ ನಡುವೆ ಬೆಲ್ಲದ ಕಾಫಿಯ ಲೋಟ ಇಡಿಸಿ ಜಗಳ ಮುರಿದರು. ಸುಟ್ಟ ಹಲಸಿನ ಬೀಜವೂ ಬಂತು. ರಾತ್ರಿ ಊಟವಿಲ್ಲದ ದೊಡ್ಡಮಾವನ ಎದುರಿಗೇ ಎಲ್ಲರೂ ತಿಂದೆವು. ಅವರು ಮುಖವನ್ನು ಅಂಗಳದ ಕಡೆ, ತಮ್ಮ ಬಿದನೂರಿನ ಕಡೆ ತಿರುಗಿಸಿಕೊಂಡು ಕೂತಿದ್ದರು.

ಈ ಗಲಾಟೆಯಲ್ಲಿ ಭಟ್ಟರನ್ನು ಎಲ್ಲರೂ ಮರೆತಿದ್ದರು. ಅವರ ಇಕ್ಕೇರಿ ಮೊದಲಿನಿಂದ ಒಂದೂ ಗುಂಡು ಹಾರಿಸದೆ, ಆಚೆ ತುದಿಯ ತೆಂಗಿನಕಾಯಿಗೆ ಸಾವಕಾಶ ಪ್ರದಕ್ಷಿಣೆ ಹಾಕುತ್ತಿತ್ತು. ಯಾಕೆ ಭಟ್ರೇ ಅಂದರೆ, "ಇನ್ನೂ ಮುಹೂರ್ತ ಬರಲಿಲ್ಲ" ಅನ್ನುತ್ತಿದ್ದರು. ಡ್ರೈವರು ತನ್ನ ಮೂರು ಹಡಗನ್ನು ಒಂದರ ಹಿಂದೆ ಒಂದು ಕಟ್ಟಿಕೊಂಡು, ಗೋಟಡಿಕೆಗಳ ನಡುವೆ ಇಂಚುಪಟ್ಟಿ ಮುಟ್ಟದೆ, ಬರೀ ಕಣ್ಣಳತೆಯಲ್ಲಿ ದಾಟಿಸಿಕೊಂಡು ಬಂದ. ಉಲ್ಕೆಗೆ ತಾಗಿದರೆ 6 ಇಂಚು ವೇಗಕ್ಕೆ ಒಂದು ದಾಳದಂತೆ ಏಟು ಎಂದು ನಾನು ಇಟ್ಟಿದ್ದ ನಿಯಮವನ್ನು ಅವನ ಮೇಲೆ ಒಮ್ಮೆಯೂ ಬಳಸಲು ಆಗಲಿಲ್ಲ. ಕೊನೆಯ ಗೋಟಡಿಕೆ ದಾಟಿದ್ದೇ ತಡ, ಕಾಯಿಯ ಮರೆಯಿಂದ ಇಕ್ಕೇರಿ ಈಚೆಗೆ ಬಂತು. ಮುಹೂರ್ತ ಬಂದಿತ್ತು. ದೂರ 12 ಇಂಚಿಗೂ ಕಡಿಮೆ. ಎರಡು ಸುತ್ತಿನಲ್ಲಿ ಹಿಂದಿನ ಹಡಗು ಹೋಯಿತು, ಅದರ ಅಕ್ಕಿಯೂ ಹೋಯಿತು. ಎರಡನೆಯದಕ್ಕೆ ಭಟ್ಟರು ಗುರಿಯಿಡುವಾಗ ಅಬ್ಬಕ್ಕ ಅಡ್ಡ ಬಂದಳು. ಚಿಕ್ಕತ್ತೆ ಕೈಯಲ್ಲಿ ಸಟ್ಟುಗ ಹಿಡಿದುಕೊಂಡೇ ದಾಳ ಹಾಕಿದರು. ಎರಡೂ 6. ಅಷ್ಟರಲ್ಲಿ ಮುಂದಿನ ಎರಡು ಹಡಗು ಕಂಬಳಿಯ ತುದಿ ಮುಟ್ಟಿದ್ದವು.

ಬಿದನೂರು ಅಂಗಳದಿಂದ ಜಗಲಿಗೆ ಹತ್ತಿ ಮರಳಿ ಕಂಬಳಿ ಸೇರಿದ್ದು ಆ ಸುತ್ತಿನಲ್ಲೇ. ಆಟ ಮುಗಿದಿದೆ ಎಂದು ಎಷ್ಟು ಹೇಳಿದರೂ ದೊಡ್ಡಮಾವ ಒಪ್ಪಲಿಲ್ಲ. ಇಷ್ಟು ದೂರದಿಂದ ನೆನೆದುಕೊಂಡು ಬಂದವನು ಒಂದು ಗುಂಡಾದರೂ ಹಾರಿಸಬೇಡವೇ ಎಂದರು. ಒಂದು ದಾಳ ಕೊಟ್ಟೆ. ಒಂದು ಬಿತ್ತು. ಚಿಕ್ಕತ್ತೆ ಸೆರಗಿನಿಂದ ಬಾಯಿ ಮುಚ್ಚಿಕೊಂಡು ಒಳಗೆ ಹೋದರು.

ಆಮೇಲೆ ಎಷ್ಟೋ ವರ್ಷಕ್ಕೆ ಕೋಸ್ಟ್ ಗಾರ್ಡಿನವರು ತಮ್ಮ ಹಡಗೊಂದಕ್ಕೆ ನಿಜಕ್ಕೂ ರಾಣಿ ಅಬ್ಬಕ್ಕ ಎಂದು ಹೆಸರಿಟ್ಟಾಗ ಭಾವ ಫೋನ್ ಮಾಡಿ, "ಪೇಪರ್ ನೋಡಿದೆಯಾ? ನಾವು ಮೊದಲೇ ಇಟ್ಟದ್ದು" ಅಂದರು. ಇದು ಮಧ್ಯೆ ಬಂದ ಮಾತು. ಮರುದಿನದ್ದನ್ನು ಹೇಳಿ ಮುಗಿಸುತ್ತೇನೆ.

ಬೆಳಿಗ್ಗೆ ಘಾಟಿ ಬಿಟ್ಟಿದೆ ಎಂದು ಸುದ್ದಿ ಬಂತು. ಕಡುಬು ತಿಂದು ಎಲ್ಲರೂ ಹೊರಟರು. ಭಟ್ಟರು ಹೋಗುವಾಗ ನೆಲದ ಮೇಲಿನ ಕುಂಡಲಿಯನ್ನು ಕಾಲಿನಲ್ಲಿ ಒರೆಸಬೇಡಿ, ನೀರು ಹಾಕಿ ತೊಳೆಯಿರಿ ಎಂದು ಹೇಳಿ ಹೋದರು. ಡ್ರೈವರು ಕಾರಿನ ಗಾಜು ಒರೆಸುತ್ತಿದ್ದ. ದೊಡ್ಡಮಾವ ಕಂಬಳಿಕೊಪ್ಪೆ ಹಾಕಿಕೊಂಡು ಮಳೆಯಲ್ಲೇ ದಣಪೆಯವರೆಗೆ ಬಂದರು. ಅಕ್ಕ ಭಾವನಿಗೆ ಹೇಳಿ ಹೋಗಲು ಬಂದಿದ್ದಾರೆ ಎಂದುಕೊಂಡೆವು. ಅವರು ನೇರ ಡ್ರೈವರ ಕಿಟಕಿಗೆ ಹೋಗಿ ಬಗ್ಗಿದರು.

"ಮುಂದಿನ ವರ್ಷ ಇದೇ ತಿಥಿಗೆ ಇವರನ್ನ ನೀನೇ ಕರ್ಕೊಂಡು ಬಾ. ಆದ್ರೆ ಆಡೋದು ನಮ್ಮ ಪಕ್ಷದಲ್ಲಿ. ಗೊತ್ತಾಯ್ತಾ?"

ಡ್ರೈವರು ಭಾವನ ಮುಖ ನೋಡಿದ. ಭಾವ ಹಿಂದಿನ ಸೀಟಿನಲ್ಲಿ ಚೀಲ ಸರಿಮಾಡುತ್ತ, "ಅದಕ್ಕೆ ಬಾಡಿಗೆ ನೀವೇ ಕೊಡ್ಬೇಕಾಗ್ತದೆ ಮಾವಯ್ಯ" ಅಂದರು.

"ಹೋಗುವ ಬಾಡಿಗೆ ಕೊಡ್ತೇನೆ" ಅಂದರು ದೊಡ್ಡಮಾವ. "ಬರುವ ಬಾಡಿಗೆ ನಿಮ್ಮದೇ."